ಉಸಿರು ಕಟ್ಟಬಾರದ ನೀರು

ಕುಂಬಳೆ ಸ್ಟೇಷನ್

ನನ್ನನ್ನು ಮಾಲ್ದೀವ್ಸಿಗೆ ಕಳಿಸಿದ್ದು ಊರು ನೋಡಲು ಅಲ್ಲ, ಒಂದು ಹುಡುಗಿಯನ್ನು ಹಿಡಿದು ತರಲು. ಹುಡುಗಿ ಎಂದರೆ ನನ್ನ ತಂಗಿ ಲೀಲಳ ಮಗಳು ಶೈಲ. ಅವಳಿಗೆ ಮೂವತ್ತು ದಾಟಿದೆ, ಆದರೂ ನಮ್ಮ ಮನೆಯಲ್ಲಿ ಹುಡುಗಿಯೇ. ಹೋಟೆಲಿನ ಆಫೀಸಿನಲ್ಲಿ ಕೆಲಸ ಎಂದು ಹೋದವಳು ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿಯುವುದನ್ನು ಕಲಿತಳು. ಈಗ ಆಫೀಸು ಬಿಟ್ಟು ಪ್ರವಾಸಿಗಳನ್ನು ಇಳಿಸುವವರ ಜೊತೆ ಸೇರಿಕೊಂಡಿದ್ದಾಳೆ ಎಂದು ತಿಳಿದ ದಿನ ಲೀಲ ಊಟ ಬಿಟ್ಟಳು. ಲೀಲಳ ಗಂಡ ನಮ್ಮ ಶಿರಿಯದ ಅಳಿವೆಯಲ್ಲಿ ದೋಣಿ ಮಗುಚಿ ಸತ್ತವನು. ಆಗ ಶೈಲ ಇನ್ನೂ ಶಾಲೆಗೆ ಹೋಗುತ್ತಿರಲಿಲ್ಲ. ನೀರಿಗೆ ಒಬ್ಬರನ್ನು ಕೊಟ್ಟಾಗಿದೆ, ಇನ್ನು ಕೊಡುವುದಿಲ್ಲ ಎಂಬುದು ಲೀಲಳ ಹಟ.

"ನೀನು ಹೋಗು ಅಕ್ಕ. ನಾನು ಹೇಳಿದ್ರೆ ಫೋನ್ ಇಡ್ತಾಳೆ. ನಿನಗೆ ಹೆದರ್ತಾಳೆ."

"ನನಗೆ ಯಾರೂ ಹೆದರುದಿಲ್ಲ. ನನ್ನ ಬಾಯಿಗೆ ಹೆದರುದು."

"ಆ ಬಾಯನ್ನೇ ತಗೊಂಡು ಹೋಗು ಮಾರಾಯ್ತಿ."

ತೆಗೆದುಕೊಂಡು ಹೋದೆ. ಜೊತೆಗೆ ಒಣ ಸಿಗಡಿ, ಹುಣಸೆಹುಳಿ, ಕುಚ್ಚಲಕ್ಕಿ. ಸೊಂಟದ ಚೀಲದಲ್ಲಿ ವೀಳ್ಯದೆಲೆ, ಅಡಿಕೆ. ಟಿಕೆಟನ್ನು ಶೈಲಳೇ ಕಳಿಸಿದ್ದಳು. ಹಿಡಿಯಲು ಬರುವವಳಿಗೆ ದಾರಿಯನ್ನೂ ಅವಳೇ ಮಾಡಿಕೊಟ್ಟ ಹಾಗೆ.

ತಿರುವನಂತಪುರದ ವಿಮಾನ ನಿಲ್ದಾಣ

ರಾತ್ರಿಯಿಡೀ ರೈಲಿನಲ್ಲಿ ಕೂತು ತಿರುವನಂತಪುರಕ್ಕೆ ಬಂದರೆ, ಪೊಲೀಸಿನವಳು ನನ್ನ ಅಡಿಕೆ ಕತ್ತರಿಯನ್ನು ಕಿತ್ತುಕೊಂಡಳು. ಅದು ನನ್ನ ಅತ್ತೆಯ ಕಾಲದ್ದು. "ಇದರಲ್ಲಿ ನಾನು ಯಾರ ಕುತ್ತಿಗೆ ಕೊಯ್ಯಲಿಕ್ಕುಂಟು?" ಎಂದು ಮಲಯಾಳದಲ್ಲಿ ಕೇಳಿದೆ. ಅವಳು ನಕ್ಕಳು. ಕತ್ತರಿ ಮಾತ್ರ ಕೊಡಲಿಲ್ಲ. ಒಣ ಸಿಗಡಿಯ ಪೊಟ್ಟಣ ಮೂಸಿ ನೋಡಿ, ಅದನ್ನು ಬೇಗ ವಾಪಸು ಕೊಟ್ಟಳು.

ವಿಮಾನದಲ್ಲಿ ಅರ್ಧದಷ್ಟು ಜನ ಮಾಲ್ದೀವಿನವರೇ. ಅವರಿಗೆ ದೊಡ್ಡ ಕಾಯಿಲೆ ಬಂದರೆ ತಿರುವನಂತಪುರದ ಆಸ್ಪತ್ರೆಗೆ ಬರುವುದಂತೆ, ನಾವು ಮಂಗಳೂರಿಗೆ ಓಡುವ ಹಾಗೆ. ನನ್ನ ಪಕ್ಕದಲ್ಲಿ ಮಂಡಿಗೆ ಪಟ್ಟಿ ಕಟ್ಟಿದ ಒಬ್ಬಳು ಮುದುಕಿ. ವಿಮಾನ ಏಳುವಾಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಇಳಿಯುವಾಗ ಕೈ ಹಿಡಿದದ್ದು ನಾನು.

ಮಾಲೆ

ಆ ವಿಮಾನ ನಿಲ್ದಾಣವೇ ಒಂದು ದ್ವೀಪ. ಬಾಗಿಲು ದಾಟಿ ಹೊರಗೆ ಬಂದರೆ, ಆಟೋ ನಿಲ್ಲಬೇಕಾದ ಜಾಗದಲ್ಲಿ ದೋಣಿಗಳು ನಿಂತಿವೆ. ಇಷ್ಟು ಚೆಂದದ ಏರ್ಪಾಟು ನಮ್ಮ ಕಾಸರಗೋಡಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಶೈಲ ಓಡಿ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು. ಕೂದಲು ಗಂಡಸಿನಷ್ಟು ಗಿಡ್ಡ.

"ಕೂದಲಿಗೆ ಎಂತ ಮಾಡಿದ್ದು ನೀನು?"

"ಉಪ್ಪುನೀರಿಗೆ ಉಳಿಯುದಿಲ್ಲ ದೊಡ್ಡಮ್ಮ."

"ನಾನು ಹುಟ್ಟಿದಂದಿನಿಂದ ನೀರಲ್ಲೇ ಇದ್ದದ್ದು. ನನ್ನದು ಉಳಿದಿದೆ."

"ಎರಡು ಎಳೆ ಉಂಟು, ಹೌದು."

ಬಾಯಿ ನನ್ನ ಹಾಗೆಯೇ. ಸುತ್ತಿ ಬಳಸಿ ಹೇಳುವುದು ನನಗೆ ಬಾರದು, ದೋಣಿ ಹತ್ತುವ ಮೊದಲೇ ಹೇಳಿಬಿಟ್ಟೆ: "ನಿನ್ನನ್ನು ಕರ್ಕೊಂಡು ಬರ್ಲಿಕ್ಕೆ ಲೀಲ ಕಳಿಸಿದ್ದು."

"ಗೊತ್ತುಂಟು. ಅಮ್ಮ ಬೇರೆ ಎಂತದಕ್ಕೆ ಕಳಿಸ್ತಾರೆ? ಆದ್ರೆ ಮೊದಲು ನನಗೊಂದು ಕೆಲಸ ಮಾಡಿ ಕೊಡಿ."

ಕೆಲಸ ಇಷ್ಟು. ಇಷ್ಟು ದಿನ ಅವಳು ಬೇರೆಯವರ ಕೈಕೆಳಗೆ ಸಹಾಯಕ್ಕೆ ಇಳಿಯುತ್ತಿದ್ದವಳು. ಹೊಸಬರನ್ನು ಒಬ್ಬಳೇ ಇಳಿಸಲು ಅವಳ ಕೆಲಸದ ಯಜಮಾನ ಒಪ್ಪಬೇಕು. ಅವನು ಹೇಳಿದ್ದನಂತೆ: "ಈಜು ಬರುವ ಎಳೆಯವರನ್ನು ಯಾರು ಬೇಕಾದರೂ ಇಳಿಸಬಹುದು. ಹೇಳಿದ್ದು ಕೇಳದ ಒಬ್ಬರನ್ನು ಇಳಿಸಿ ತೋರಿಸು."

"ಅದಕ್ಕೆ ನಾನು ನಿಮ್ಮ ಹೆಸರು ಹೇಳಿದ್ದು" ಎಂದಳು.

"ಯಜಮಾನ ಒಪ್ಪದಿದ್ರೆ?"

"ನಿಮ್ಮ ಒಟ್ಟಿಗೇ ಊರಿಗೆ ಬರ್ತೇನೆ. ಅಮ್ಮ ಹೇಳಿದ ಹಾಗೆ ಕೇಳ್ತೇನೆ."

ಹಾಗಾದರೆ ನಾನು ಬಂದ ಕೆಲಸ ಸುಲಭ ಎಂದು ಮನಸ್ಸಿಗೆ ಬಂದದ್ದು ಸುಳ್ಳಲ್ಲ. ನೀರಿನಲ್ಲಿ ಸ್ವಲ್ಪ ಎಡವಟ್ಟು ಮಾಡಿದರೆ ಆಯಿತು. ಆದರೆ ಬೇಕೆಂದು ಕೆಲಸ ಕೆಡಿಸಿ ನನಗೆ ಅಭ್ಯಾಸವಿಲ್ಲ. ಕೆಡುವುದಾದರೆ ತಾನಾಗಿ ಕೆಡಲಿ ಎಂದು ದೋಣಿ ಹತ್ತಿದೆ.

ದ್ವೀಪ

ಅವಳಿದ್ದ ದ್ವೀಪವನ್ನು ಈ ತುದಿಯಿಂದ ಆ ತುದಿಗೆ ನಡೆದರೆ ಬಾಯಲ್ಲಿದ್ದ ಎಲೆ ಅಡಿಕೆಯ ರಸ ಮುಗಿಯುವುದಿಲ್ಲ. ಹೊಳೆ ಇಲ್ಲ, ಗುಡ್ಡ ಇಲ್ಲ. ದಾರಿಯೆಲ್ಲ ಬಿಳಿ ಮರಳು, ನಮ್ಮ ಬಾಯಲ್ಲಿ ಹೊಯಿಗೆ. ಬೆಳಿಗ್ಗೆ ಎದ್ದರೆ ಹೆಂಗಸರೆಲ್ಲ ತಲೆಗೆ ಬಟ್ಟೆ ಸುತ್ತಿ ಆ ಹೊಯಿಗೆಯನ್ನೇ ಗುಡಿಸುತ್ತಾರೆ. ಹಿಡಿಸೂಡಿ ನಮ್ಮದೇ, ತೆಂಗಿನ ಕಡ್ಡಿಯದ್ದು. ಹೊಯಿಗೆಯನ್ನು ಗುಡಿಸಿದರೆ ಅಡಿಯಲ್ಲಿ ಮತ್ತೆ ಹೊಯಿಗೆಯೇ, ಆದರೂ ಬಿಡುವುದಿಲ್ಲ. ಗಂಡಸರಿಗೆ ಕೂರಲು ಮನೆಮನೆಯ ಮುಂದೆ ಕಬ್ಬಿಣದ ಚೌಕಟ್ಟಿಗೆ ಹಗ್ಗದ ಬಲೆ ಕಟ್ಟಿ ತೂಗುಕುರ್ಚಿ ಮಾಡಿದ್ದಾರೆ. ಕೂರುವುದು ಸುಲಭ. ಏಳಲು ಇಬ್ಬರು ಬೇಕು.

ಮೂರು ಹೊತ್ತೂ ಮೀನು, ಅದೂ ಒಂದೇ ಜಾತಿ, ಕೇದಾರ, ಪೇಟೆಯವರು ಟ್ಯೂನ ಎನ್ನುವುದು. ಬೂತಾಯಿ ಇಲ್ಲ, ಬಂಗುಡೆ ಇಲ್ಲ. ಬೆಳಿಗ್ಗೆ ಬೇಯಿಸಿದ ಮೀನನ್ನು ಪುಡಿ ಮಾಡಿ, ತೆಂಗಿನತುರಿ, ನೀರುಳ್ಳಿ, ಹಸಿಮೆಣಸು ಕಿವುಚಿ ತೆಳು ರೊಟ್ಟಿಯ ಜೊತೆ ತಿನ್ನುತ್ತಾರೆ. ಒಳ್ಳೆಯದಿತ್ತು, ಎರಡು ಸಲ ಹಾಕಿಸಿಕೊಂಡೆ. ಆದರೆ ಮರುವಾಯಿ ತಿನ್ನುವುದಿಲ್ಲವಂತೆ! ಮರುವಾಯಿ ಎಂದರೆ ಹೊಯಿಗೆಯಲ್ಲಿ ಹುದುಗಿರುವ ಚಿಪ್ಪುಮೀನು. ಅದನ್ನು ಶಿರಿಯ ಹೊಳೆಯಿಂದ ಹೆಕ್ಕಿಯೇ ನಾನು ಬದುಕಿದ್ದು. ಸುತ್ತಲೂ ಸಮುದ್ರ ಇಟ್ಟುಕೊಂಡು ಅದನ್ನು ತಿನ್ನದ ಜನ ಇದ್ದಾರೆಂದು ನನಗೆ ಗೊತ್ತಿರಲಿಲ್ಲ.

ಶೈಲಳ ಯಜಮಾನ ಇಬ್ರಾಹಿಂ, ಎಲ್ಲರ ಬಾಯಲ್ಲಿ ಇಬ್ಬೆ. ಕಪ್ಪು, ಸಪೂರ, ನಿಧಾನದ ಮನುಷ್ಯ. ತಾಯಿಯ ಚಿಕಿತ್ಸೆಗೆಂದು ತಿರುವನಂತಪುರದಲ್ಲಿ ತಿಂಗಳುಗಟ್ಟಲೆ ಇದ್ದವನಾದ್ದರಿಂದ ಮಲಯಾಳ ಬರುತ್ತಿತ್ತು. ಅವನ ಮುರುಕು ಮಲಯಾಳ, ನನ್ನ ಮುರುಕು ಮಲಯಾಳ, ಎರಡೂ ಸೇರಿ ಒಂದು ಭಾಷೆಯಾಯಿತು.

"ಉಮ್ಮಾ, ನೀರೆಂದರೆ ಹೆದರಿಕೆ ಉಂಟಾ?"

"ನೀರಿಗೆ ನನ್ನ ಹೆದರಿಕೆ ಉಂಟಾ ಕೇಳು."

ಅವನು ಶೈಲಳನ್ನು ನೋಡಿ ನಕ್ಕ. ಸರಿಯಾದವರನ್ನೇ ತಂದಿದ್ದೀ ಎಂಬ ನಗು ಅದು. ಅಲ್ಲಿನ ಡಾಕ್ಟರು ನನ್ನ ಎದೆಗೆ ಕಿವಿಗೆ ಬೆಳಕು ಕೊಳವೆ ಎಲ್ಲ ಹಿಡಿದು ನೋಡಿ, ಇಳಿಯಬಹುದು ಎಂದರು.

ಹವಳದ ದಿಬ್ಬ

ರಬ್ಬರಿನ ಅಂಗಿ ಹಾಕಿಸುವುದೇ ಒಂದು ಕೆಲಸ. ಹಲಸಿನಹಣ್ಣನ್ನು ದಿಂಬಿನ ಚೀಲಕ್ಕೆ ತುರುಕಿದ ಹಾಗೆ ಶೈಲ ನನ್ನನ್ನು ಅದರೊಳಗೆ ತುರುಕಿದಳು. ಬಾಯಿಗೆ ಕಚ್ಚಲು ಕೊಟ್ಟ ರಬ್ಬರ್ ನಿಲ್ಲಲಿಲ್ಲ, ಕಚ್ಚಬೇಕಾದ ಕಡೆ ನನಗೆ ಹಲ್ಲಿಲ್ಲ. ಇಬ್ಬೆ ಹುಡುಕಿ ಮಕ್ಕಳ ಅಳತೆಯದೊಂದು ತಂದುಕೊಟ್ಟ.

ಶೈಲ ನನ್ನೆದುರು ಮಂಡಿಯೂರಿ ಕೂತು ಹೇಳಿದಳು: "ದೊಡ್ಡಮ್ಮ, ಒಂದೇ ಮಾತು ನೆನಪಿಡಿ. ನೀರಡಿಯಲ್ಲಿ ಉಸಿರು ಕಟ್ಟಬಾರ್ದು. ಎಳೆಯುದು, ಬಿಡುದು. ಎಳೆಯುದು, ಬಿಡುದು. ಉಸಿರು ಕಟ್ಟಿಕೊಂಡು ಮೇಲೆ ಬಂದ್ರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಒಡೀತದೆ. ಗೊತ್ತಾಯ್ತಾ?"

"ಗೊತ್ತಾಯ್ತು. ನಾನು ಎಂತ ಮಗುವಾ?"

ಇಳಿದೆವು. ಶೈಲ ನನ್ನ ಕೈ ಹಿಡಿದಿದ್ದಳು. ಇಬ್ಬೆ ಸ್ವಲ್ಪ ದೂರದಲ್ಲಿ ಬರುತ್ತಿದ್ದ. ಒಳಗೆ ಕಂಡದ್ದನ್ನು ಹೇಳಬೇಕೆಂದರೆ, ನಮ್ಮ ಹೊಳೆಯಲ್ಲಿ ಮುಳುಗಿದವಳು ನಾನು, ಅಲ್ಲಿ ಕಣ್ಣು ಮುಚ್ಚಿದರೂ ಒಂದೇ ತೆರೆದರೂ ಒಂದೇ. ಕೈಯೇ ಕಣ್ಣು. ಇಲ್ಲಿ ಮಾತ್ರ ಮಧ್ಯಾಹ್ನದ ಅಂಗಳದ ಹಾಗೆ ಬೆಳಕು. ಹವಳದ ಕಲ್ಲುಗಳು ಕೆಲವು ಹೂಕೋಸಿನ ಹಾಗೆ, ಕೆಲವು ಜಿಂಕೆಯ ಕೊಂಬಿನ ಹಾಗೆ. ಮೀನುಗಳು ಮದುವೆಗೆ ಹೊರಟ ಹೆಂಗಸರಷ್ಟು ಬಣ್ಣ ಹಾಕಿಕೊಂಡಿದ್ದವು. ಇದರಲ್ಲಿ ಸಾರಿಗೆ ಆಗುವುದು ಯಾವುದು ಎಂದು ನನ್ನ ಕಣ್ಣು ಹುಡುಕಿತು. ಹಸಿರು ಮೀನೊಂದು ಕಲ್ಲನ್ನೇ ಕಚ್ಚಿ ತಿನ್ನುತ್ತಿತ್ತು. ಹಪ್ಪಳ ಮುರಿದ ಸದ್ದು ನನ್ನ ಕಿವಿಗೆ ಕೇಳಿಸಿತು.

ಆಗ ಅದು ಕಂಡಿತು. ಒಂದು ಮರುವಾಯಿ. ಅರೆಯುವ ಕಲ್ಲಿನಷ್ಟು ದೊಡ್ಡದು. ಬಾಯಿ ತೆರೆದು ಕೂತಿತ್ತು, ತುಟಿ ನವಿಲಿನ ಕುತ್ತಿಗೆಯ ನೀಲಿ.

ನನ್ನ ಕೈ ಹೋಯಿತು. ಚಿಪ್ಪಿಗೆ ತಾಗಿದ ಕೂಡಲೇ ಎದೆಗೆ ಬೀಗ ಬಿತ್ತು. ಹೊಳೆಯಲ್ಲಿ ನಮ್ಮ ಕೆಲಸವೇ ಹಾಗೆ. ನೀರು ಇಳಿದಾಗ ಕುತ್ತಿಗೆಯವರೆಗೆ ಹೋಗಿ ನಿಂತು, ಕಾಲಲ್ಲಿ ಹೊಯಿಗೆ ಕೆದಕಿ, ಎದೆ ತುಂಬ ಗಾಳಿ ಎಳೆದು ಬೀಗ ಹಾಕಿ ಮುಳುಗುವುದು. ಕೈಗೆ ಚಿಪ್ಪು ಸಿಕ್ಕಿದಾಗ ಉಸಿರು ಬಿಡುವವಳು ಬರಿಗೈಯಲ್ಲಿ ಮನೆಗೆ ಹೋಗುತ್ತಾಳೆ. ಇಲ್ಲಿ ಬೀಗ ಬಿದ್ದದ್ದೇ ತಡ, ಒಣ ತೆಂಗಿನಕಾಯಿಯ ಹಾಗೆ ನಾನು ಮೇಲಕ್ಕೆ ಏಳತೊಡಗಿದೆ. ಶೈಲ ಕಾಲು ಹಿಡಿದು ಜಗ್ಗಿದಳು. ನನಗೆ ಅರ್ಥವಾಗಲಿಲ್ಲ. ಅವಳು ಬಂದು ನನ್ನ ಹೊಟ್ಟೆಗೆ ಸರಿಯಾಗಿ ಗುದ್ದಿದಳು. ಬುಳುಬುಳು ಎಂದು ಗಾಳಿಯೆಲ್ಲ ಹೊರಗೆ ಹೋಯಿತು.

ಮೇಲೆ ಬಂದ ಮೇಲೆ ಇಬ್ಬೆ ದನಿ ಏರಿಸಲಿಲ್ಲ. ಶೈಲಳಿಗೆ ಇಷ್ಟೇ ಹೇಳಿದ: "ಕಾಪಾಡಿದೆ, ಒಳ್ಳೆಯದು. ಆದರೆ ಅಲ್ಲಿಯವರೆಗೆ ಬರಬಾರದಿತ್ತು. ನಾಡಿದ್ದು ಆ ಮುಳುಗಿದ ಹಳೇ ಹಡಗಿನ ಹತ್ತಿರ ಇನ್ನೊಂದು ಸಲ ನೋಡುವ. ಅದೇ ಕೊನೆ."

ಇಬ್ಬೆಯ ಹಿತ್ತಿಲು

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಶೈಲ ಬಾಯಿ ಬಿಟ್ಟಳು.

"ಬೇಕಂತಲೇ ಮಾಡಿದ್ದಲ್ವಾ?"

"ಅಲ್ಲ."

"ಅಮ್ಮ ಹೇಳಿಕೊಟ್ಟು ಕಳಿಸಿದ್ದು. ನಂಗೆ ಗೊತ್ತಾಗುದಿಲ್ವಾ? ನಾನು ಹತ್ತು ಸಲ ಹೇಳಿದ್ದೆ, ಉಸಿರು ಕಟ್ಟಬಾರ್ದು ಅಂತ!"

"ನೀನು ಹತ್ತು ಸಲ ಹೇಳಿದ್ದು. ನಾನು ಈ ಎದೆಗೆ ಐವತ್ತು ವರ್ಷದಿಂದ ಹೇಳಿಕೊಟ್ಟದ್ದು. ಅದು ಯಾರ ಮಾತು ಕೇಳ್ತದೆ, ನೀನೇ ಹೇಳು."

ಅವಳು ಆ ರಾತ್ರಿ ಅನ್ನಕ್ಕೆ ಕೈ ಹಾಕಲಿಲ್ಲ, ತಾಯಿಯದೇ ಬುದ್ಧಿ. ನಾನು ಉಂಡೆ. ಇಬ್ಬರು ಉಪವಾಸ ಇದ್ದು ಯಾರಿಗೇನು ಲಾಭ?

ಮಾರನೆಯ ದಿನವೂ ಮುಖ ಬಿಗಿದುಕೊಂಡೇ ಕೆಲಸಕ್ಕೆ ಹೋದಳು. ಸುಮ್ಮನೆ ಕೂತು ನನಗೆ ಗೊತ್ತಿಲ್ಲ. ಇಬ್ಬೆಯ ಹಿತ್ತಿಲಿಗೆ ಹೋದೆ. ಅವನ ಹೆಂಡತಿ ಮೀನನ್ನು ಹೊಗೆಗೆ ಇಟ್ಟು ಒಣಗಿಸುತ್ತಿದ್ದಳು. ತೆಂಗಿನ ಸಿಪ್ಪೆ ಒದ್ದೆ, ಒಲೆ ಹೊತ್ತುತ್ತಿರಲಿಲ್ಲ. ಅವಳು ತಟ್ಟೆಯಲ್ಲಿ ಗಾಳಿ ಹಾಕುತ್ತ ಕೆಮ್ಮುತ್ತಿದ್ದಳು. ನಾನು ಅಲ್ಲೇ ಬಿದ್ದಿದ್ದ ತುಂಡು ಪೈಪು ತೆಗೆದು, ಕುಕ್ಕರಗಾಲಿನಲ್ಲಿ ಕೂತು ಊದಿದೆ. ಊದುವುದು, ಎಳೆಯುವುದು, ಊದುವುದು. ಬೆಂಕಿ ಎದ್ದಿತು.

ತಲೆ ಎತ್ತಿದರೆ ಶೈಲ ನಿಂತಿದ್ದಾಳೆ. ನನ್ನನ್ನು ಊಟಕ್ಕೆ ಕರೆಯಲು ಬಂದವಳು. ಮುಖ ಬೇರೆಯೇ ಆಗಿತ್ತು.

"ದೊಡ್ಡಮ್ಮ, ನಿಲ್ಲಿಸಬೇಡಿ. ಊದ್ತಾ ಇರಿ."

"ಯಾಕೆ, ಬೆಂಕಿ ಹತ್ತಿತಲ್ಲ."

"ಒಲೆ ಊದುವಾಗ ನೀವು ಉಸಿರು ಕಟ್ಟುದಿಲ್ಲ."

"ಕಟ್ಟಿದ್ರೆ ಒಲೆ ನಂದುದಿಲ್ವಾ?"

"ಹಾಂ! ಅಷ್ಟೇ. ನಾನು ಸಿಲಿಂಡರ್, ಶ್ವಾಸಕೋಶ ಅಂತ ನಿಮ್ಮ ತಲೆ ತಿಂದೆ. ನಾಳೆ ಅದೆಲ್ಲ ಬೇಡ. ನೀರಡಿಯಲ್ಲಿ ನೀವು ಒದ್ದೆ ಸಿಪ್ಪೆಯ ಒಲೆ ಊದಿ. ನಂದಬಾರ್ದು, ಅಷ್ಟೇ."

ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಸೊಂಟದಷ್ಟು ನೀರಿನಲ್ಲಿ ನನ್ನನ್ನು ಕುಕ್ಕರಗಾಲಲ್ಲಿ ಕೂರಿಸಿದಳು. ಕಡಲಬದಿಯ ಕಲ್ಲು, ಚಿಪ್ಪು ಎಲ್ಲ ತಂದು ನನ್ನ ಕೈಗೆ ಹಾಕುತ್ತಿದ್ದಳು. ಚಿಪ್ಪು ಕೈಗೆ ಬಂದಾಗಲೆಲ್ಲ ಎದೆ ಬೀಗ ಹಾಕಲು ನೋಡುತ್ತಿತ್ತು. ಅವಳು ಎದುರಿಗೆ ಕೂತು ಮುಷ್ಟಿಯನ್ನು ಬಾಯಿಗೆ ಹಿಡಿದು ಊದಿ ತೋರಿಸುತ್ತಿದ್ದಳು. ದಡದಲ್ಲಿ ಹೋಗುತ್ತಿದ್ದ ಬಿಳಿಯರಿಬ್ಬರು ನಿಂತು ನೋಡಿದರು. ನೋಡಲಿ.

ಮುಳುಗಿದ ಹಡಗು

ಹಡಗಿನ ಮೂಗು ಮಾತ್ರ ನೀರಿನಿಂದ ಹೊರಗಿತ್ತು, ತುಕ್ಕು ಹಿಡಿದು ಕೆಂಪಾಗಿ. ಅದರ ಮೇಲೆ ಗಿಡವೊಂದು ಹುಟ್ಟಿತ್ತು.

"ಇದರಲ್ಲಿ ಎಷ್ಟು ಜನ ಸತ್ತದ್ದು?" ಎಂದು ಇಬ್ಬೆಯನ್ನು ಕೇಳಿದೆ.

"ಯಾರೂ ಇಲ್ಲ ಉಮ್ಮಾ. ಹಳತಾಗಿತ್ತು. ಬಿಟ್ಟು ಹೋದರು."

ಅಷ್ಟು ಕೇಳಿಕೊಂಡು ಇಳಿದೆ. ಊದಿದೆ, ಎಳೆದೆ, ಊದಿದೆ. ಕಬ್ಬಿಣದ ಗೋಡೆಯ ಪಕ್ಕದಲ್ಲಿ ಕೆಳಗೆ ಹೋಗುತ್ತಿದ್ದ ಹಾಗೆ, ಮೇಲೆ ಕೊಳಕಾಗಿ ಕಾಣುತ್ತಿದ್ದ ತುಕ್ಕು ಒಳಗೆ ಅರಸಿನ, ಕುಂಕುಮ, ನೇರಳೆ ಬಣ್ಣದ ಹವಳವಾಗಿತ್ತು. ಹಡಗಿನವರು ಹತ್ತಿ ಇಳಿಯುತ್ತಿದ್ದ ಏಣಿಯಲ್ಲಿ ಈಗ ಮೀನುಗಳು. ಗುಂಪು ಗುಂಪಾಗಿ ಬಾಗಿಲಲ್ಲಿ ನಿಂತಿದ್ದವು, ಬಸ್ಸು ಹೊರಡುವ ಮೊದಲು ನಮ್ಮವರು ನಿಲ್ಲುವ ಹಾಗೆ. ಒಳಗೂ ಹೋಗುವುದಿಲ್ಲ, ದಾರಿಯೂ ಬಿಡುವುದಿಲ್ಲ. ಗೋಡೆಯ ತುಂಬ ಚಿಪ್ಪುಗಳು ಕಚ್ಚಿಕೊಂಡಿದ್ದವು. ಕೈ ಹೋಯಿತು, ಹೋಗದೆ ಇರುತ್ತದೆಯೇ? ತಾಗಿತು. ಒಲೆ ನಂದಲಿಲ್ಲ. ಮುಟ್ಟಬಾರದು ಎಂದು ಶೈಲ ಬೆರಳಾಡಿಸಿ ಬೈದಳು.

ಹಡಗಿನ ಹೊಟ್ಟೆಯ ಪಕ್ಕಕ್ಕೆ ಬಂದಾಗ ಬಿಸಿಲು ನಿಂತಿತು. ಹಡಗಿನ ನೆರಳು ನಮ್ಮ ಮೇಲೆ ಬಿದ್ದು ನೀರು ಒಮ್ಮೆಲೇ ತಣ್ಣಗಾಯಿತು. ಕೆಳಗೆ ಕಪ್ಪು. ಅಲ್ಲಿ ನನಗೆ ಹೆದರಿಕೆಯಾಯಿತು. ಮುಚ್ಚಿಡುವುದು ಯಾಕೆ? ನೀರಿನಲ್ಲಿ ಹೆದರಿದ್ದು ಅದೇ ಮೊದಲು. ಲೀಲಳ ಗಂಡ ಇಂಥ ಕಡೆಗೆ ಹೋದದ್ದು ಎಂದು ತಲೆಗೆ ಬಂತು. ಉಸಿರು ನಿಂತಿತು. ಒಲೆಯೂ ನೆನಪಾಗಲಿಲ್ಲ, ಪೈಪೂ ನೆನಪಾಗಲಿಲ್ಲ. ಮೈ ಹಗುರಾಗಿ ಮೇಲಕ್ಕೆ ಏಳುವುದು ಗೊತ್ತಾಯಿತು.

ಶೈಲ ಈ ಸಲ ಗುದ್ದಲಿಲ್ಲ. ನನ್ನ ಎರಡೂ ಭುಜ ಹಿಡಿದು, ಮುಖಕ್ಕೆ ಕಟ್ಟಿದ ಗಾಜಿನ ಕನ್ನಡಿಗೆ ಕನ್ನಡಿ ತಾಗುವಷ್ಟು ಮುಖ ಹತ್ತಿರ ತಂದಳು. ಕಣ್ಣು ನನ್ನ ಕಣ್ಣಲ್ಲೇ ಇಟ್ಟಳು. ಆಮೇಲೆ ಬಾಯಲ್ಲಿ ಆ ರಬ್ಬರ್ ಇಟ್ಟುಕೊಂಡೇ ಕೆನ್ನೆಗಳನ್ನು ಉಬ್ಬಿಸಿದಳು, ಹೊಗೆ ತಾಗಿದವಳ ಹಾಗೆ ಕಣ್ಣು ಕಿವುಚಿದಳು. ಕಪ್ಪೆಯ ಹಾಗೆ ಕಂಡಳು. ನನಗೆ ನಗು ಬಂತು. ನೀರಡಿಯಲ್ಲಿ ನಕ್ಕರೆ ಉಸಿರು ಕಟ್ಟಲು ಆಗುವುದಿಲ್ಲ, ಎಲ್ಲ ಗುಳ್ಳೆಯಾಗಿ ಹೋಗುತ್ತದೆ. ಅವಳು ಕಾದಳು. ನಾನು ಊದಿದೆ, ಎಳೆದೆ, ಊದಿದೆ. ಅಲ್ಲಿಂದ ಮೇಲೆ ಬರುವವರೆಗೆ ಅವಳು ಮೀನು ನೋಡಲಿಲ್ಲ, ಹಡಗು ನೋಡಲಿಲ್ಲ, ನನ್ನನ್ನೇ ನೋಡಿದಳು. ನನ್ನನ್ನು ಅಷ್ಟು ಹೊತ್ತು ಯಾರೂ ನೋಡಿದ್ದಿಲ್ಲ. ಮದುವೆಯ ದಿನವೂ.

ದೋಣಿಯಲ್ಲಿ ಇಬ್ಬೆ ಕನ್ನಡಿ ತೆಗೆದು ಮುಖ ಒರೆಸಿಕೊಂಡ. "ಹೆದರಿದವರನ್ನು ನಗಿಸಿ ತಂದಳು" ಎಂದು ನನ್ನ ಹತ್ತಿರ ಹೇಳಿದ. "ಇನ್ನು ಇವಳು ಒಬ್ಬಳೇ ಇಳಿಸಲಿ." ಶೈಲ ಕೂಗಿ ನನ್ನನ್ನು ತಬ್ಬಿಕೊಂಡಳು. ಮೈಯೆಲ್ಲ ಉಪ್ಪು, ಬಿಡು ಎಂದೆ. ಬಿಡಲಿಲ್ಲ.

ಸಂಜೆ ಲೀಲಳ ಫೋನು ಬಂತು.

"ಹೊರಟ್ರಾ ಇಬ್ಬರೂ?"

"ನಾನು ಹೊರಡ್ತೇನೆ."

"ಶೈಲ?"

"ಅವಳಿಗೆ ಇಲ್ಲಿ ಕೆಲಸ ಉಂಟು."

"ನಿನ್ನನ್ನು ಕಳಿಸಿದ್ದು ಎಂತಕ್ಕೆ?"

"ನೋಡ್ಲಿಕ್ಕೆ. ನೋಡಿದೆ. ಅವಳು ಅದನ್ನು ಸರಿಯಾಗಿ ಮಾಡ್ತಾಳೆ."

ಫೋನು ಇಟ್ಟಳು.

ಶಿರಿಯ

ನಾನು ಊರಿಗೆ ಬಂದು ವಾರವಾದರೂ ಲೀಲ ಇತ್ತ ಬರಲಿಲ್ಲ. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದು ಬೇಲಿ. ಅವಳು ಅಂಗಳದಲ್ಲಿ ಕೋಳಿಗೆ ಬೈಯುವುದು ನನಗೆ ಕೇಳುತ್ತಿತ್ತು. ಬೈಗುಳ ಕೋಳಿಗಲ್ಲ ಎಂದು ನನಗೂ ಗೊತ್ತು, ಕೋಳಿಗೂ ಗೊತ್ತು. ನಾನೂ ಹೋಗಲಿಲ್ಲ. ಸಮಾಧಾನ ಹೇಳಲು ನನಗೆ ಬಾರದು, ಸುಳ್ಳು ಹೇಳಲೂ ಬಾರದು.

ಒಂದು ಬೆಳಿಗ್ಗೆ ನಾನು ಅಂಗಳದಲ್ಲಿ ಮರುವಾಯಿಯ ಚಿಪ್ಪು ಬಿಡಿಸುತ್ತ ಕೂತಿದ್ದಾಗ ಬಂದಳು. ಕೂರು ಎನ್ನುವ ಮೊದಲೇ ಕೂತಳು. ಒಂದು ಚಿಪ್ಪು ತೆಗೆದು ಕೈಯಲ್ಲಿ ತಿರುಗಿಸಿದಳು.

"ಅಕ್ಕ, ಅಲ್ಲಿ ನೀರಿನೊಳಗೆ ಕಣ್ಣಿಗೆ ಕಾಣ್ತದಾ?"

ಅವಳು ಯಾಕೆ ಕೇಳಿದ್ದೆಂದು ನನಗೆ ಗೊತ್ತಿತ್ತು. ಅವಳ ಗಂಡ ಹೋದ ದಿನ ಹೊಳೆ ಮಳೆಯ ಮಣ್ಣಿಗೆ ಕೆಂಪಾಗಿ ಹರಿಯುತ್ತಿತ್ತು. ಗಂಡಸರು ಬಲೆ ಹಾಕಿ ಹುಡುಕಿದರು, ನಾನು ಮುಳುಗಿ ಹುಡುಕಿದೆ. ಕಣ್ಣು ಬಿಟ್ಟರೆ ನನ್ನ ಅಂಗೈ ನನಗೆ ಕಾಣುತ್ತಿರಲಿಲ್ಲ. ಅವನಿದ್ದದ್ದು ಮಗುಚಿದ ದೋಣಿಯ ಹತ್ತಿರವೇ ಎಂದು ನೀರಿಳಿದ ಮೇಲೆ ಗೊತ್ತಾದದ್ದು. ದಡದಲ್ಲಿ ಕೂತಿದ್ದ ಲೀಲ ಅಷ್ಟು ದಿನವೂ ಆ ಕೆಂಪು ನೀರನ್ನೇ ನೋಡುತ್ತಿದ್ದಳು.

"ಕಾಣ್ತದೆ" ಎಂದೆ. "ಇಲ್ಲಿಂದ ನಿನ್ನ ಬಾವಿಕಟ್ಟೆಯಷ್ಟು ದೂರ ಇದ್ರೂ ಕಾಣ್ತದೆ."

"ಅವಳು ಕಾಣ್ತಾಳಾ?"

"ಎಲ್ಲಿದ್ರೂ ಕಾಣ್ತಾಳೆ. ಒಟ್ಟಿಗೆ ಇಳಿದವರಿಗೆ ಅವಳೂ ಕಾಣ್ತಾಳೆ, ಅವಳಿಗೆ ಅವರೂ ಕಾಣ್ತಾರೆ."

ಲೀಲ ಚಿಪ್ಪನ್ನು ಬುಟ್ಟಿಗೆ ಹಾಕಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡು, ಸೊಂಟದಿಂದ ಫೋನು ತೆಗೆದು ನನ್ನ ಕಡೆಗೆ ಹಿಡಿದಳು.

"ಅವಳಿಗೆ ಫೋನ್ ಮಾಡಿ ಕೊಡು."

ಮಾಡಿ ಕೊಟ್ಟೆ. ಆ ಕಡೆ ಶೈಲ "ಅಮ್ಮಾ?" ಎಂದದ್ದು ನನಗೂ ಕೇಳಿತು. ಲೀಲ ಫೋನನ್ನು ಕಿವಿಗೆ ಒತ್ತಿಕೊಂಡಳು. ಕೇಳಿದಳು:

"ಇವತ್ತು ಊಟಕ್ಕೆ ಎಂತ ಪದಾರ್ಥ ಮಾಡಿದ್ದು?"